ಶಾಲಾ ಗ್ರಂಥಾಲಯ, ಸಾರ್ವಜನಿಕ ಗ್ರಂಥಾಲಯ: ಎರಡೂ ಕಡೆಯ ಕೆಲಸವನ್ನು ನಿಭಾಯಿಸುವ ಬಗೆ

ಶಾಲೆಯ ಗ್ರಂಥಾಲಯವನ್ನೂ ಸಾರ್ವಜನಿಕ ಗ್ರಂಥಾಲಯವನ್ನೂ ಒಬ್ಬರೇ ನೋಡಿಕೊಳ್ಳಬೇಕಾಗಿ ಬಂದಾಗ, ವಾರದ ಗಂಟೆಗಳನ್ನು ಸರಿಸಮನಾಗಿ ಹಂಚಲು ಹೊರಡುವ ಮುನ್ನ ಎರಡೂ ಕಡೆಯ ವರ್ಷದ ಏರಿಳಿತವನ್ನು ಒಂದೇ ಹಾಳೆಯ ಮೇಲೆ ಬರೆದುಕೊಳ್ಳಬೇಕು. ತರಗತಿಗಳು ಆರಂಭವಾಗುವ ದಿನಗಳಲ್ಲಿ ಮತ್ತು ವರ್ಷಾಂತ್ಯದಲ್ಲಿ ಪುಸ್ತಕಗಳನ್ನು ಮರಳಿ ಪಡೆಯುವಾಗ ಶಾಲೆಯಲ್ಲಿ ಕೆಲಸ ಹೆಚ್ಚು. ಸಾರ್ವಜನಿಕ ಗ್ರಂಥಾಲಯಕ್ಕೆ ಸಂಜೆ, ವಾರಾಂತ್ಯ ಮತ್ತು ಶಾಲಾ ರಜೆಯಲ್ಲಿ ಜನ ಹೆಚ್ಚು. ಶಾಲೆಯ ದಾಸ್ತಾನು ಪರಿಶೀಲನೆಯನ್ನು ರಜೆಗೆ ಇಟ್ಟುಕೊಳ್ಳೋಣವೆಂದು ಯಾರಿಗಾದರೂ ತೋರುತ್ತದೆ. ಆದರೆ ಮಕ್ಕಳ ಓದಿನ ಕಾರ್ಯಕ್ರಮಗಳಿಗಾಗಿ ಸಾರ್ವಜನಿಕ ಗ್ರಂಥಾಲಯಕ್ಕೆ ನೀವು ಬೇಕಾಗುವುದೂ ಆಗಲೇ. ಎರವಲು ಕಡಿಮೆಯಾಗುವ ಪರೀಕ್ಷೆಯ ವಾರಗಳಲ್ಲಿ, ದಿನಕ್ಕೊಂದು ಕಪಾಟಿನಂತೆ, ಆ ಕೆಲಸವನ್ನು ಮುಗಿಸಿಬಿಡುವುದು ಮೇಲು.

ಹೀಗೆ ಸಿದ್ಧವಾದ ಹಾಳೆಯನ್ನು ಮುಖ್ಯೋಪಾಧ್ಯಾಯರಿಗೂ ಸಾರ್ವಜನಿಕ ಗ್ರಂಥಾಲಯದ ಮೇಲಧಿಕಾರಿಗೂ ತೋರಿಸಿ, ಎರಡೂ ಕಡೆಯಿಂದ ಒಂದೇ ದಿನ ಕರೆ ಬಂದರೆ ಯಾವುದಕ್ಕೆ ಆದ್ಯತೆ ಎಂಬುದನ್ನು ಲಿಖಿತವಾಗಿ ಪಡೆದುಕೊಳ್ಳಿ. ಓಡಾಟದ ಸಮಯವೂ ಕೆಲಸದ ಸಮಯವೇ. ಅದನ್ನು ಲೆಕ್ಕಕ್ಕೆ ಸೇರಿಸಲು ಸಂಕೋಚಪಡಬೇಕಾಗಿಲ್ಲ.

ಸಮಯಕ್ಕಿಂತ ಕಷ್ಟವಾದದ್ದು ಪಾತ್ರ ಬದಲಾವಣೆ. ಶಾಲೆಯಲ್ಲಿ ಪುಸ್ತಕದ ಆಯ್ಕೆಗೆ ಪಠ್ಯಕ್ರಮವೂ ಮಕ್ಕಳ ವಯಸ್ಸೂ ಅಳತೆಗೋಲು. ಸಾರ್ವಜನಿಕ ಗ್ರಂಥಾಲಯ ಎಲ್ಲ ವಯಸ್ಸಿನವರದು. ಅದರ ಸಂಗ್ರಹ ರಾಜಕೀಯ ಅಥವಾ ಧಾರ್ಮಿಕ ಸೆನ್ಸಾರ್‌ಗೆ ಒಳಪಡಬಾರದೆಂದು ಯುನೆಸ್ಕೋ ಮತ್ತು ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ 1994ರಲ್ಲಿ ಹೊರಡಿಸಿದ, 2022ರಲ್ಲಿ ಪರಿಷ್ಕರಿಸಿದ ಪ್ರಣಾಳಿಕೆ ಹೇಳುತ್ತದೆ. ಶಾಲೆಗೆ ಬೇಡವೆಂದು ನೀವೇ ಬಿಟ್ಟ ಪುಸ್ತಕವನ್ನು ಅದೇ ವಾರ ಇಲ್ಲಿ ತರಿಸಬೇಕಾಗಬಹುದು, ಅದರಲ್ಲಿ ವಿರೋಧಾಭಾಸವೇನೂ ಇಲ್ಲ.

ಇನ್ನೂ ಸೂಕ್ಷ್ಮವಾದದ್ದು ಓದುಗರ ಗೋಪ್ಯತೆ. ಒಬ್ಬ ವಿದ್ಯಾರ್ಥಿನಿ ಸಂಜೆ ಸಾರ್ವಜನಿಕ ಗ್ರಂಥಾಲಯದಿಂದ ಖಿನ್ನತೆಯ ಕುರಿತ ಪುಸ್ತಕವನ್ನು ಒಯ್ಯುತ್ತಾಳೆ ಎಂದುಕೊಳ್ಳಿ. ಮರುದಿನ ಅವಳ ಶಿಕ್ಷಕರು, ಕಾಳಜಿಯಿಂದಲೇ, ಅವಳು ಏನು ಓದುತ್ತಿದ್ದಾಳೆಂದು ನಿಮ್ಮನ್ನು ಕೇಳುತ್ತಾರೆ. ಶಾಲೆಯ ಎರವಲು ದಾಖಲೆಯ ಬಗ್ಗೆ ಶಾಲೆಯ ನಿಯಮದಂತೆ ಉತ್ತರಿಸಬಹುದು, ಆದರೆ ಸಾರ್ವಜನಿಕ ಗ್ರಂಥಾಲಯದಲ್ಲಿ ಕಂಡದ್ದನ್ನು ಅಲ್ಲಿ ಬಾಯಿಬಿಡಬಾರದು. ಆ ಹೊತ್ತಿಗೆ ಮಾತು ಹುಡುಕುವ ಬದಲು, ಎರಡೂ ಸಂಸ್ಥೆಗಳ ಗೋಪ್ಯತಾ ನಿಯಮವನ್ನು ಮೊದಲ ವಾರವೇ ಓದಿಟ್ಟುಕೊಳ್ಳುವುದು ಒಳ್ಳೆಯದು. ಮಗುವಿನ ಸುರಕ್ಷತೆಯ ಬಗ್ಗೆ ನಿಜವಾದ ಆತಂಕ ಹುಟ್ಟಿದರೆ ಅದನ್ನು ನಿಗದಿತ ಅಧಿಕಾರಿಗೆ ತಿಳಿಸಬೇಕೇ ಹೊರತು ಸಿಬ್ಬಂದಿ ಕೊಠಡಿಯ ಮಾತಾಗಿಸಬಾರದು.

ವರ್ಗೀಕರಣದಲ್ಲಿ ಒಂದು ಕಡೆಯ ರೂಢಿಯನ್ನು ಇನ್ನೊಂದು ಕಡೆಗೆ ಒಯ್ಯಬೇಡಿ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಸಸ್ತನಿಗಳಿಗೆ 599 ಮೀಸಲು. ಚಿಕ್ಕ ಶಾಲಾ ಸಂಗ್ರಹದಲ್ಲಿ ಹುಲಿಯ ಪುಸ್ತಕಕ್ಕೆ ಅಷ್ಟು ಸಾಕು, ದೊಡ್ಡ ಸಂಗ್ರಹದಲ್ಲಿ ದಶಾಂಶ ಬಿಂದುವಿನ ಮುಂದಿನ ಅಂಕಿಗಳೂ ಬೇಕು. ಒಂದು ಗ್ರಂಥಾಲಯದಿಂದ ಇನ್ನೊಂದಕ್ಕೆ ಬರುವ ಪುಸ್ತಕ, ಒಂದೇ ದಿನಕ್ಕಾದರೂ, ಸಂಸ್ಥೆಯ ಹೆಸರಿನಲ್ಲಿ ಎರವಲಾಗಿ ದಾಖಲಾಗಿಯೇ ಬರಲಿ. ಗ್ರಂಥಪಾಲಕರ ಕೈಚೀಲದಲ್ಲಿ ಸಾಗಿದ ಪುಸ್ತಕ ಅದರ ಸ್ವಂತ ಗ್ರಂಥಾಲಯದ ಪರಿಶೀಲನೆಯಲ್ಲಿ ಕಾಣೆಯಾದದ್ದೆಂದು ನಮೂದಾಗುವ ಸಂಭವವಿದೆ.

ಒಂದು ಕಡೆಯಿಂದ ಹೊರಡುವ ಮುನ್ನ ಬಾಕಿ ಉಳಿದ ಕೆಲಸವನ್ನು ಅಲ್ಲಿಯ ಟಿಪ್ಪಣಿ ಪುಸ್ತಕದಲ್ಲೇ ಬರೆದಿಟ್ಟು ಬಂದರೆ, ಇನ್ನೊಂದು ಮೇಜಿನಲ್ಲಿ ಕುಳಿತಿರುವಾಗ ಅದಕ್ಕಾಗಿ ಬರುವ ದೂರವಾಣಿ ಕರೆಗಳು ಬಹುಮಟ್ಟಿಗೆ ತಪ್ಪುತ್ತವೆ.