ಅಡುಗೆಮನೆಗೆ ಬೀಗ ಹಾಕಿದ ಮೇಲೆ

ನಮ್ಮ ಅಡುಗೆಮನೆಗೆ ಬೀಗ ಇದೆ. ಫ್ರಿಜ್ಜಿಗೆ ಇನ್ನೊಂದು. ಮುಸುರೆ ಬಕೆಟ್ಟು ಹಿತ್ತಿಲ ಬಾಗಿಲಿನಾಚೆ ಇರುತ್ತದೆ, ಆ ಬಾಗಿಲಿಗೆ ಮೇಲಿನ ಚಿಲಕ. ಮೊದಲ ಸಲ ಮನೆಗೆ ಬಂದವರು ಇದನ್ನೆಲ್ಲ ನೋಡಿ, ನನ್ನ ಕೊರಳಲ್ಲಿ ಕರಿಮಣಿ ಜೊತೆ ನೇತಾಡುವ ಕೀಲಿಗಳನ್ನೂ ನೋಡಿ, "ಕಳ್ಳರ ಕಾಟನಾ?" ಅಂತ ಕೇಳುತ್ತಾರೆ. ಕಳ್ಳ ಹೊರಗಿನವನಲ್ಲ ಅಂತ ಹೇಳೋಕೆ ಎಷ್ಟೋ ದಿನ ನನಗೆ ಬಾಯಿ ಬರಲಿಲ್ಲ. ಮಗನನ್ನು ಕಳ್ಳ ಅನ್ನುವುದೂ ತಪ್ಪೇ. ಅವನಿಗೆ ಹಸಿವು, ಅಷ್ಟೆ. ಉಂಡೆದ್ದು ಕೈ ತೊಳೆಯುವಾಗಲೂ ಹಸಿವು.

ನಾನು ದಾವಣಗೆರೆಯವಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಓದಿದ್ದು ಪಿಯುಸಿ, ಅದೂ ಕನ್ನಡ ಮಾಧ್ಯಮ. ಮಗ ಹುಟ್ಟಿದ್ದು 2014ರಲ್ಲಿ. ಹುಟ್ಟಿದಾಗ ಅತ್ತದ್ದು ಬೆಕ್ಕಿನ ಮರಿ ಅತ್ತ ಹಾಗೆ. ಎತ್ತಿಕೊಂಡರೆ ಕೈಕಾಲು ಒದ್ದೆ ಬಟ್ಟೆಯಂತೆ ಜೋತುಬೀಳುತ್ತಿದ್ದವು. ಮೊಲೆ ಚೀಪುವ ಶಕ್ತಿಯೇ ಇರಲಿಲ್ಲ. ಮೂಗಿನ ನಳಿಕೆಯಲ್ಲಿ ಹಾಲು ಹಾಕಿಸಿಕೊಂಡು ಮೂರು ವಾರ ಆಸ್ಪತ್ರೆಯಲ್ಲಿದ್ದ. ಮನೆಗೆ ಬಂದ ಮೇಲೆ ನಮ್ಮಮ್ಮ ಹಳೇ ಬೆಳ್ಳಿ ಒಳಲೆ ಹುಡುಕಿ ತಂದರು. 30 ಎಂಎಲ್ ಹಾಲು ಕುಡಿಸೋಕೆ ಮುಕ್ಕಾಲು ಗಂಟೆ. ಕ್ರೋಮೋಸೋಮ್ ಪರೀಕ್ಷೆ ಮಾಡಿಸಿದೆವು, ನಾರ್ಮಲ್ ಅಂತ ಬಂತು. ಇಂಥ ಮಾಮೂಲಿ ಪರೀಕ್ಷೆಯಲ್ಲಿ (ಕ್ಯಾರಿಯೋಟೈಪ್ ಅಂತಾರೆ) ಅವನಿಗಿದ್ದ ಕಾಯಿಲೆ ಕಣ್ಣು ತಪ್ಪಿಸಿಕೊಳ್ಳಬಹುದು ಅಂತ ಆಗ ನಮಗೆ ಹೇಳುವವರು ಇರಲಿಲ್ಲ. ನೆಮ್ಮದಿಯಿಂದ ಊರಿಗೆ ಬಂದು ದುಗ್ಗಮ್ಮನಿಗೆ ಉಡಿ ತುಂಬಿದೆ.

ಎರಡನೇ ವರ್ಷ ದಾಟಿದ ಮೇಲೆ ಅವನು ತಾನಾಗಿ ತಿನ್ನೋಕೆ ಶುರು ಮಾಡಿದ. ಕೆನ್ನೆ ತುಂಬಿತು, ತೊಡೆ ತುಂಬಿತು. ಬೀದಿಯವರೆಲ್ಲ "ಗುಂಡ" ಅಂತ ಕರೆಯೋಕೆ ಹತ್ತಿದರು. ಆ ಹೆಸರು ಕೇಳಿದಾಗ ನನಗಾಗುತ್ತಿದ್ದ ಹೆಮ್ಮೆಯನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚುತ್ತದೆ. ಒಳಲೆಯಲ್ಲಿ ಹಾಲು ಹಾಕಿದ ಕೈಗೆ ಅದು ದೇವರ ವರದ ಹಾಗೆ ಕಂಡಿತ್ತು. ಇನ್ನೊಂದು ಇಡ್ಲಿ, ಇನ್ನೊಂದು ತುತ್ತು ಅಂತ ನಾನೇ ತುರುಕಿದೆ.

2018ರಲ್ಲಿ ಬೆಂಗಳೂರಿನಲ್ಲಿ ಮೆಥಿಲೇಷನ್ ಅನ್ನುವ ಜೀನ್ ಪರೀಕ್ಷೆ ಆಯಿತು. ಪ್ರೇಡರ್–ವಿಲ್ಲಿ ಸಿಂಡ್ರೋಮ್. 1956ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ಇದನ್ನು ಮೊದಲು ವಿವರಿಸಿದರಂತೆ. ಸುಮಾರು 15,000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದಂತೆ. ಹದಿನೈದನೇ ಕ್ರೋಮೋಸೋಮಿನಲ್ಲಿ ಒಂದು ತುಂಡಿದೆ. ಅಲ್ಲಿನ ಕೆಲವು ಜೀನುಗಳು ಅಪ್ಪನಿಂದ ಬಂದ ಪ್ರತಿಯಲ್ಲಿ ಮಾತ್ರ ಎಚ್ಚರವಾಗಿರುತ್ತವೆ, ಅಮ್ಮನ ಪ್ರತಿಯಲ್ಲಿ ಹುಟ್ಟಿನಿಂದಲೇ ಮಲಗಿರುತ್ತವೆ. ನನ್ನ ಮಗನಲ್ಲಿ ಅಪ್ಪನ ಆ ತುಂಡೇ ಬಿಟ್ಟುಹೋಗಿದೆ. ಹೀಗಾಗಿ ಹೊಟ್ಟೆ ತುಂಬಿತು ಅನ್ನುವ ಸುದ್ದಿ ಮಿದುಳಿಗೆ ಮುಟ್ಟುವುದಿಲ್ಲ.

"ಸೋದರಮಾವನನ್ನೇ ಮಾಡ್ಕೊಂಡಿದ್ರಾ?" ಅಂತ ಕೇಳದ ನೆಂಟರಿಲ್ಲ. ನಮ್ಮದು ಸಂಬಂಧದ ಮದುವೆ ಅಲ್ಲ, ಆಗಿದ್ದರೂ ಈ ಕಾಯಿಲೆಗೂ ಅದಕ್ಕೂ ನಂಟಿಲ್ಲ. ವೀರ್ಯ ರೂಪುಗೊಳ್ಳುವಾಗ ಹೊಸದಾಗಿ ಆಗುವ ತಪ್ಪು, ಯಾರ ದೋಷವೂ ಅಲ್ಲ, ನಿಮ್ಮ ಥರದವರಿಗೆ ಇನ್ನೊಂದು ಮಗುವಿಗೆ ಬರುವ ಸಾಧ್ಯತೆ ನೂರರಲ್ಲಿ ಒಂದಕ್ಕಿಂತ ಕಡಿಮೆ ಅಂದರು ಡಾಕ್ಟರು. ನಾಲ್ಕು ವರ್ಷ ಅತ್ತೆ ಮನೆ ಕಡೆಯವರು ನನ್ನ ಬಸಿರಿನ ಬಗ್ಗೆ ಆಡಿದ ಮಾತು ಇತ್ತಲ್ಲ, "ಬಿಟ್ಟುಹೋಗಿದ್ದು ನಿಮ್ಮ ಮಗನ ಕಡೆಯ ತುಂಡು" ಅಂತ ಒಂದು ಸಲ ತಿರುಗಿಸಿ ಹೇಳಬೇಕು ಅಂತ ನಾಲಿಗೆ ತುದಿವರೆಗೂ ಬಂದಿತ್ತು. ರೈಲಿನಲ್ಲಿ ಯಜಮಾನರ ಮುಖ ನೋಡಿದೆ, ನುಂಗಿಕೊಂಡೆ.

ಅವತ್ತು ರಾತ್ರಿ ಫೋನಿನಲ್ಲಿ ಕಾಯಿಲೆಯ ಹೆಸರು ಹೊಡೆದೆ. ಅದೊಂದು ತಪ್ಪು ಮಾಡಬೇಡಿ, ಅಂದರೆ ರಾತ್ರಿ, ಒಬ್ಬರೇ. ಬಂದವೆಲ್ಲ ನಡೆಯಲಾರದಷ್ಟು ದಪ್ಪಗಾದ ದೊಡ್ಡವರ ಫೋಟೋಗಳು, ಹಳೇ ಕಾಲದವು. ಬೆಳಗ್ಗೆವರೆಗೂ ಮಗನ ಪಕ್ಕ ಕೂತಿದ್ದೆ. ಬೇಗ ಗೊತ್ತಾಗಿ, ಊಟ ಹಿಡಿತದಲ್ಲಿದ್ದು, ಬೆಳವಣಿಗೆಯ ಹಾರ್ಮೋನು ಸಿಕ್ಕಿದ ಮಕ್ಕಳು ಆ ಫೋಟೋಗಳ ಹಾಗಾಗಬೇಕಿಲ್ಲ ಅಂತ ತಿಳಿಯೋಕೆ ಮತ್ತೆ ಎರಡು ತಿಂಗಳು ಹಿಡಿಯಿತು. ತಿಳಿಸಿದವರು ಇನ್ನೊಬ್ಬ ತಾಯಿ. ಬೆಂಗಳೂರಿನ ಜೆನೆಟಿಕ್ ಕೌನ್ಸೆಲರ್ ಮೇಡಂ ನಮ್ಮ ಒಪ್ಪಿಗೆ ಕೇಳಿ, ನಂಬರ್ ಕೊಟ್ಟು, ನಮ್ಮ ದೇಶದ ಇಂಥ ಮಕ್ಕಳ ಅಪ್ಪ ಅಮ್ಮಂದಿರ ವಾಟ್ಸಾಪ್ ಗುಂಪಿಗೆ ಸೇರಿಸಿದ್ದರು.

ಸೇರಿದೆ ನಿಜ, ಆರು ವಾರ ತುಟಿ ಬಿಚ್ಚಲಿಲ್ಲ. ಅಲ್ಲಿ ಎಲ್ಲ ಇಂಗ್ಲಿಷು, ನಡುನಡುವೆ ಹಿಂದಿ. ಮೆಸೇಜನ್ನು ಕಾಪಿ ಮಾಡಿ ಫೋನಿನಲ್ಲೇ ಕನ್ನಡಕ್ಕೆ ತಿರುಗಿಸುತ್ತಿದ್ದೆ. ಈ ಮಕ್ಕಳಿಗೆ ಗಾಯವನ್ನು ಕೆರೆದು ಕೆರೆದು ಹುಣ್ಣು ಮಾಡಿಕೊಳ್ಳುವ ಚಾಳಿ ಇದೆ. ಇಂಗ್ಲಿಷಿನಲ್ಲಿ ಅದು "ಸ್ಕಿನ್ ಪಿಕಿಂಗ್", ಫೋನು ಅದನ್ನು "ಚರ್ಮ ಆರಿಸುವುದು" ಅಂತ ಹೇಳಿತು. ಅಕ್ಕಿ ಆರಿಸೋದು ಗೊತ್ತು, ಚರ್ಮ ಹೇಗೆ ಆರಿಸುತ್ತಾರೆ ಅಂತ ಯಜಮಾನರೂ ನಾನೂ ಅರ್ಧ ಗಂಟೆ ತಲೆ ಕೆಡಿಸಿಕೊಂಡೆವು. ಕೊನೆಗೆ ಧೈರ್ಯ ಮಾಡಿ ಕನ್ನಡದಲ್ಲೇ ಒಂದು ವಾಯ್ಸ್ ಮೆಸೇಜ್ ಹಾಕಿದೆ: "ನನಗೆ ಇಂಗ್ಲಿಷ್ ಬರಲ್ಲ, ಯಾರಾದ್ರೂ ಕನ್ನಡದವರು ಇದೀರಾ?" ಹತ್ತು ನಿಮಿಷದಲ್ಲಿ ಹುಬ್ಬಳ್ಳಿಯಿಂದ ಒಬ್ಬರು, ಮೈಸೂರಿನಿಂದ ಒಬ್ಬರು, ನ್ಯೂಜೆರ್ಸಿಯಲ್ಲಿರುವ ತುಮಕೂರಿನ ಹೆಣ್ಣುಮಗಳು ಒಬ್ಬಳು. ನಾವು ನಾಲ್ವರು ಬೇರೆಯದೇ ಸಣ್ಣ ಗುಂಪು ಮಾಡಿಕೊಂಡೆವು. ಈಗ ಹದಿನಾಲ್ಕು ಮನೆಯವರಿದ್ದೇವೆ. ಅಮೆರಿಕದವಳು ನಮಗೆ ರಾತ್ರಿ ಪಾಳಿ: ನಡುರಾತ್ರಿ ಯಾರಿಗೆ ಏನಾದರೂ ಅವಳು ಎಚ್ಚರ ಇರುತ್ತಾಳೆ.

ಊಟದ ವಿಷಯದಲ್ಲಿ ನಾನು ಕಲಿತದ್ದೆಲ್ಲ ಈ ಹೆಂಗಸರಿಂದ. ಅವರ ಸೂತ್ರ ಸುಲಭದ್ದು: ಮುಂದಿನ ಊಟ ಯಾವಾಗ, ಏನು ಅಂತ ಮಗುವಿಗೆ ಅನುಮಾನ ಇರಬಾರದು, ಅದಕ್ಕಿಂತ ಹೆಚ್ಚು ಸಿಕ್ಕೀತು ಅನ್ನುವ ಆಸೆಯೂ ಇರಬಾರದು. ಆಸೆ ಇಲ್ಲದಿದ್ದರೆ ರಂಪವೂ ಕಡಿಮೆ. ಬೀಗ ಇರುವುದು ಅದಕ್ಕೆ. ಅದು ಶಿಕ್ಷೆ ಅಂತ ನಾನು ಅಂದುಕೊಂಡಿದ್ದೆ. ಹಾಕಿದ ಮೂರನೇ ದಿನ ಮಗ ಅಡುಗೆಮನೆ ಬಾಗಿಲ ಮುಂದೆ ಕಾವಲು ಕೂರುವುದನ್ನು ಬಿಟ್ಟು ಜಿಗ್‌ಸಾ ಜೋಡಿಸೋಕೆ ಹೋದ. ಆ ಆಟದಲ್ಲಿ ಇಂಥ ಮಕ್ಕಳು ಬಲು ಚುರುಕು. ನೂರು ತುಂಡಿನದನ್ನು ನನಗಿಂತ ಬೇಗ ಮುಗಿಸುತ್ತಾನೆ.

ಫ್ರಿಜ್ಜಿಗೆ ಬೀಗ ಹುಡುಕಿದ್ದೇ ಒಂದು ಕಥೆ. ಹಿಂದೆ ನಮ್ಮ ಕಡೆ ಫ್ರಿಜ್ಜುಗಳಿಗೆ ಕೀಲಿ ಬರುತ್ತಿತ್ತು, ನೆನಪಿದೆಯಾ? ಯಜಮಾನರು ಹಳೇ ಸಾಮಾನಿನ ಅಂಗಡಿಗಳನ್ನು ಸುತ್ತಿ ಅಂಥದೊಂದು ಒಂಟಿ ಬಾಗಿಲಿನದನ್ನು ಹೊತ್ತು ತಂದರು. ಸದ್ದು ಹಿಟ್ಟಿನ ಗಿರಣಿಯಂತೆ, ಆದರೆ ಕೀಲಿ ಗಟ್ಟಿ. ಹಾರ್ಮೋನಿನ ಪೆನ್ನೂ ಅದರೊಳಗೇ ಇರುತ್ತದೆ, 2ರಿಂದ 8 ಡಿಗ್ರಿಯಲ್ಲಿ. ದಿನಾ ರಾತ್ರಿ ಒಂದು ಚುಚ್ಚುಮದ್ದು. ಮೊದಲ ವಾರ ನನ್ನ ಕೈ ನಡುಗಿತು, ಸೂಜಿ ಹಿಡಿದು ಬದುಕುವವಳಿಗೂ.

ಮನೆಯೊಳಗೆ ಬೀಗ ಹಾಕಬಹುದು, ಊರಿಗೆ? ನಮ್ಮೂರಲ್ಲಿ ಬೆಣ್ಣೆ ದೋಸೆ ವಾಸನೆ ಇಲ್ಲದ ಬೀದಿ ಇಲ್ಲ. ಮದುವೆ ಪಂಕ್ತಿಯಲ್ಲಿ ಬಡಿಸುವವರಿಗೆ "ಸಾಕು" ಅನ್ನುವ ಮಾತು ಅರ್ಥವೇ ಆಗುವುದಿಲ್ಲ. ಗುಡಿಗೆ ಹೋದರೆ ಪ್ರಸಾದ, ಶಾಲೆಯಲ್ಲಿ ಹುಟ್ಟುಹಬ್ಬದ ಚಾಕೊಲೇಟು. ಸರ್ಕಾರಿ ಶಾಲೆಯ ಬಿಸಿಯೂಟ, ಬೆಳಗಿನ ಹಾಲು, ಮೊಟ್ಟೆ ಇಲ್ಲವೆ ಬಾಳೆಹಣ್ಣು: ಬೇರೆ ಮಕ್ಕಳಿಗೆ ಎಷ್ಟು ಒಳ್ಳೆಯ ಯೋಜನೆಯೋ ನನಗೆ ಅಷ್ಟೇ ಎದೆಬಡಿತ. ಹುಬ್ಬಳ್ಳಿಯಕ್ಕ ಕೊಟ್ಟ ಬುದ್ಧಿ ಏನೆಂದರೆ, ಹೆಡ್‌ಮಾಸ್ತರಿಗೆ ಅರ್ಜಿ ಕೊಡು, ಆದರೆ ಮಾತಾಡಬೇಕಾದದ್ದು ಅಡುಗೆಯಮ್ಮನ ಹತ್ತಿರ. ಹೋದೆ. ಅವರ ಜೊತೆ ಕೂತು ಸೊಪ್ಪು ಬಿಡಿಸುತ್ತ ಹೇಳಿದೆ. ಅವತ್ತಿನಿಂದ ಇವತ್ತಿನವರೆಗೆ ಆ ತಾಯಿ ಒಂದು ಸೌಟು ಹೆಚ್ಚು ಹಾಕಿಲ್ಲ. ಅವನ ತಟ್ಟೆಗೆ ಮೊದಲು ತರಕಾರಿ, ಆಮೇಲೆ ಅನ್ನ.

ಅತ್ತೆ ಮಾತ್ರ ಜಗ್ಗಲಿಲ್ಲ. "ಉಣ್ಣೋ ಕೂಸಿನ ಕೈ ಹಿಡೀತೀಯಲ್ಲೇ, ನೀನೆಂಥ ತಾಯಿ" ಅನ್ನುತ್ತಿದ್ದರು. ಸೆರಗಿನ ಮರೆಯಲ್ಲಿ ಮಂಡಕ್ಕಿ ಉಂಡೆ ದಾಟಿಸುತ್ತಿದ್ದರು. ಡಾಕ್ಟರ ಹತ್ತಿರ ಕರೆದೊಯ್ದೆ, ತಲೆ ಆಡಿಸಿದರು. ಮನೆಗೆ ಬಂದು ಮತ್ತೆ ಅದೇ. ಅವನ ಸೊಂಟವನ್ನು ಭಾನುವಾರ ಭಾನುವಾರ ನನ್ನ ಟೇಪಿನಲ್ಲೇ ಅಳೆದು ಬರೆದಿಡುತ್ತೇನೆ. ಉಂಡೆಗಳ ಲೆಕ್ಕ ಆ ನೋಟ್‌ಬುಕ್ಕಿನಲ್ಲಿ ಕಾಣುತ್ತಿತ್ತು. ಹುಬ್ಬಳ್ಳಿಯಕ್ಕನಿಗೆ ಹೇಳಿಕೊಂಡು ಕಣ್ಣೀರು ಹಾಕಿದೆ. ಅವರು, "ನಿಮ್ಮ ಅತ್ತಿಗೆ ನೀನು ಹೇಳಬ್ಯಾಡ, ನಮ್ಮ ಅತ್ತಿ ಹೇಳ್ತಾರ" ಅಂದರು. ವಿಡಿಯೋ ಕಾಲಿನಲ್ಲಿ ಇಬ್ಬರು ಅಜ್ಜಿಯರನ್ನು ಕೂರಿಸಿದೆವು. ಮೊದಲ ಕಾಲು ಗಂಟೆ ಮಂಡಿನೋವು, ಮಳೆ. ಆಮೇಲೆ ಆ ಅಜ್ಜಿ ಅಂದರು: "ನಾನೂ ನಿಮ್ಮಂಗ ಕದ್ದು ತಿನ್ನಿಸ್ತಿದ್ನಿರಿ. ತಳ ಇಲ್ಲದ ಕೊಡಕ್ಕ ಎಷ್ಟು ನೀರು ಹಾಕಿದ್ರ ತುಂಬತದ? ಹಾಕೂ ಕೈ ಸೋಲತದ, ಕೊಡ ತುಂಬಂಗಿಲ್ಲ." ಅತ್ತೆ ಏನೂ ಅನ್ನಲಿಲ್ಲ. ಮರುದಿನ ಬೆಳಗ್ಗೆ ಮಂಡಕ್ಕಿ ಡಬ್ಬಿಯನ್ನು ಅವರೇ ತಂದು ಬೀಗದೊಳಗೆ ಇಟ್ಟರು. ಇಬ್ಬರೂ ಈಗಲೂ ಸೋಮವಾರ ಸೋಮವಾರ ಫೋನಿನಲ್ಲಿ ಮಾತಾಡುತ್ತಾರೆ, ನಮ್ಮನ್ನು ಬೈಯುವುದಕ್ಕೇ ಅಂತ ನನ್ನ ಅನುಮಾನ.

ಗುಂಪಿನಿಂದ ತೆಗೆದುಕೊಳ್ಳಬಾರದ್ದೂ ಇದೆ. ಇನ್ನೊಬ್ಬರ ಮಗುವಿನ ಹಾರ್ಮೋನ್ ಡೋಸು ನೋಡಿ ನಮ್ಮದನ್ನು ಹೆಚ್ಚಿಸೋಣವಾ ಅಂತ ಒಮ್ಮೆ ನನಗೂ ಅನ್ನಿಸಿತ್ತು. ಡಾಕ್ಟರು ಬೈದರು, ಬೈಯಬೇಕಾದದ್ದೇ: ನಿದ್ದೆಯಲ್ಲಿ ಉಸಿರು ಕಟ್ಟುವುದು, ಬೆನ್ನುಮೂಳೆ ಸೊಟ್ಟಗಾಗುವುದು, ಇವನ್ನೆಲ್ಲ ನೋಡಿಕೊಂಡು ಆ ಡೋಸು ಗೊತ್ತುಮಾಡುತ್ತಾರೆ. ಜೀನ್ ಸರಿಮಾಡುವ ಪುಡಿ, ಸ್ಟೆಮ್ ಸೆಲ್ ಅಂತ ಮಾರುವವರೂ ಪೋಷಕರ ವೇಷದಲ್ಲಿ ಬರುತ್ತಾರೆ. ಮಗನ ರಿಪೋರ್ಟನ್ನು ಹೆಸರು ಮರೆಮಾಡದೆ ನಾನು ಎಲ್ಲೂ ಹಾಕುವುದಿಲ್ಲ. ನಾಳೆ ಅವನು ದೊಡ್ಡವನಾಗುತ್ತಾನೆ. 2025ರ ಮಾರ್ಚ್‌ನಲ್ಲಿ ಈ ಹಸಿವಿಗೆಂದೇ ಡಯಾಜಾಕ್ಸೈಡ್ ಕೋಲೀನ್ ಅನ್ನುವ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆ ರಾತ್ರಿ ನಮ್ಮ ಗುಂಪಿನಲ್ಲಿ ಯಾರೂ ಮಲಗಲಿಲ್ಲ. ನ್ಯೂಜೆರ್ಸಿಯವಳೇ ತಣ್ಣಗೆ, ಸಕ್ಕರೆ ಏರಬಹುದು, ಮೈ ಊದಬಹುದು, ಮೊದಲು ಪೂರ್ತಿ ಓದೋಣ ಅಂದಳು.

ಕಾಗದಪತ್ರದ ದಾರಿಯೂ ಅಲ್ಲಿಂದಲೇ ತಿಳಿದದ್ದು. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ಎರಡನೇ ಗುಂಪಿನಲ್ಲಿ ಪ್ರೇಡರ್–ವಿಲ್ಲಿಗೆ ಬೆಳವಣಿಗೆಯ ಹಾರ್ಮೋನು ಅಂತ ಹೆಸರು ಹಾಕಿಯೇ ಬರೆದಿದೆ. 2022ರಲ್ಲಿ ನೆರವಿನ ಮಿತಿಯನ್ನು 50 ಲಕ್ಷ ರೂಪಾಯಿಗೆ ಏರಿಸಿದರು. ನಮ್ಮ ರಾಜ್ಯದಲ್ಲಿ ಇದಕ್ಕೆ ಗೊತ್ತುಮಾಡಿದ್ದು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೋಡಿ ಕೇಂದ್ರ. ಇದು ತಿಳಿಯುವ ಹೊತ್ತಿಗೆ ನಾವು ಹಾರ್ಮೋನಿಗಾಗಿ ಚೀಟಿ ಎತ್ತಿ, ಒಂದು ಸೈಟು ಮಾರಿ ಆಗಿತ್ತು.

ಇನ್ನೊಂದು ವಿಷಯ ಹೇಳಲೇಬೇಕು. ಈ ಮಕ್ಕಳಿಗೆ ನೋವು ಅಷ್ಟಾಗಿ ಗೊತ್ತಾಗುವುದಿಲ್ಲ, ವಾಂತಿಯೂ ಅಪರೂಪ. ಹಾಗಾಗಿ ಹೊಟ್ಟೆ ಉಬ್ಬಿ ವಾಂತಿ ಆದರೆ ಗ್ಯಾಸು ಅಂತ ಕೂರಬಾರದು, ಹೊಟ್ಟೆಚೀಲವೇ ಒಡೆಯುವ ಅಪಾಯ ಇರುತ್ತದೆ. ಇದನ್ನು ಮೈಸೂರಿನ ತಾಯಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದು ಹಾಳೆಯಲ್ಲಿ ಬರೆದು, ಅವರ ಡಾಕ್ಟರಿಂದ ತಿದ್ದಿಸಿ, ನಮಗೆಲ್ಲ ಕಳಿಸಿದ್ದರು. ಅದನ್ನು ಲ್ಯಾಮಿನೇಟ್ ಮಾಡಿಸಿ ಚೀಲದಲ್ಲಿಟ್ಟಿದ್ದೆ. ಮಗನಿಗೆ ಒಂಬತ್ತಾಗಿದ್ದಾಗ ಒಂದು ಗೃಹಪ್ರವೇಶದಲ್ಲಿ ನಾನು ಅರಿಶಿನ ಕುಂಕುಮ ತಗೊಳ್ಳುವಷ್ಟರಲ್ಲಿ ಬಡಿಸುವ ಕೋಣೆ ಹೊಕ್ಕಿದ್ದ. ರಾತ್ರಿ ಹೊಟ್ಟೆ ತಮಟೆಯಂತಾಗಿ ಎರಡು ಸಲ ವಾಂತಿ. ಆಸ್ಪತ್ರೆಯಲ್ಲಿದ್ದ ಹುಡುಗ ಡಾಕ್ಟರು ಹೊಟ್ಟೆ ಒತ್ತಿ, "ನೋವಾಗುತ್ತಾ ಪುಟ್ಟಾ?" ಅಂದರು. ಇವನು ನಗುತ್ತ ಇಲ್ಲ ಅಂದ. ಮಾತ್ರೆ ಬರೆದು ಕಳಿಸುವವರಿದ್ದರು. ಹಾಳೆ ಮುಂದಿಟ್ಟೆ. ಅವರು ನಿಂತಲ್ಲೇ ಪೂರ್ತಿ ಓದಿ ಎಕ್ಸ್‌ರೇ ಮಾಡಿಸಿದರು, ಮೂಗಿನ ನಳಿಕೆ ಇಳಿಸಿ ಎರಡು ದಿನ ಇಟ್ಟುಕೊಂಡರು. ಹುಟ್ಟಿದಾಗ ಹಾಲು ಒಳಗೆ ಹಾಕೋಕೆ ಬಂದಿದ್ದ ಅದೇ ಥರದ ನಳಿಕೆ, ಈ ಸಲ ತಿಂದದ್ದನ್ನು ಹೊರಗೆ ತೆಗೆಯೋಕೆ.

ಈಗ ಅವನು ಐದನೇ ಕ್ಲಾಸು. ನಾನು ಮಲಗಿದಾಗ ಕರಿಮಣಿ ಕಡೆ ಕಣ್ಣು ಹಾಯಿಸುವುದು ಶುರುವಾದ ಮೇಲೆ, ಹೋದ ತಿಂಗಳು ಅಡುಗೆಮನೆಗೆ ನಂಬರಿನ ಬೀಗ ತಂದೆವು. ನಾಲ್ಕಂಕಿ. ಭದ್ರವಾಯಿತು ಅಂತ ಗುಂಪಿಗೆ ಫೋಟೋ ಹಾಕಿದೆ. ನಾಲ್ಕನೇ ದಿನ ಬೆಳಗ್ಗೆ ಎದ್ದರೆ ಬೀಗ ತೆರೆದಿದೆ, ಬೆಲ್ಲದ ಡಬ್ಬಿ ಖಾಲಿ. ಹಾರಿಹೋದ ಎದೆಯಲ್ಲೇ ಗುಂಪಿಗೆ ಬರೆದೆ: "ನಾಲ್ಕು ದಿನಕ್ಕೆ ನಂಬರ್ ಕಂಡುಹಿಡಿದ."

ನ್ಯೂಜೆರ್ಸಿಯಿಂದ ಉತ್ತರ ಬಂತು: "ನಮ್ಮನೇಲಿ ಮೂರೇ ದಿನ, ಅಕ್ಕಾ. ಕೀಲಿ ಬೀಗಕ್ಕೇ ವಾಪಸ್ ಹೋಗಿ. ಕೀಲಿ ಮಾತ್ರ ಕೊರಳಲ್ಲಿ ಬೇಡ, ದಿಂಬಿನ ಕವರಿನೊಳಗೆ ಹೊಲಿದುಬಿಡಿ, ನಿಮಗೆ ಹೊಲಿಗೆ ಬರುತ್ತಲ್ಲ."