ವಾರಕ್ಕೆ ಮೂರು ಡಯಾಲಿಸಿಸ್, ನಡುವೆ ನವರಾತ್ರಿ

ಆಶ್ವೀಜ ಶುದ್ಧ ಪಾಡ್ಯದಿಂದ ಕಾರ್ತಿಕದ ಉತ್ಥಾನ ದ್ವಾದಶಿಯವರೆಗೆ ಮೈಸೂರಿನ ನಮ್ಮಂಥ ಮನೆಗಳಲ್ಲಿ ಹಬ್ಬಗಳಿಗೆ ಬಿಡುವೆಂಬುದಿಲ್ಲ. ಬೊಂಬೆ ಕೂರಿಸುವುದು, ಒಂಬತ್ತು ಸಂಜೆಯ ಆರತಿ, ಸರಸ್ವತಿ ಪೂಜೆ, ಆಯುಧಪೂಜೆ, ವಿಜಯದಶಮಿ, ಅದರ ಬೆನ್ನಿಗೇ ನೀರು ತುಂಬುವ ಹಬ್ಬ, ನರಕ ಚತುರ್ದಶಿ, ಬಲಿಪಾಡ್ಯಮಿ, ಕೊನೆಗೆ ತುಳಸಿ ಹಬ್ಬ. ಬಹುಕಾಲದ ರಕ್ತದೊತ್ತಡದಿಂದ ನನ್ನ ಹೆಂಡತಿಯ ಮೂತ್ರಪಿಂಡಗಳೆರಡೂ ಸೋತು, ವಾರಕ್ಕೆ ಮೂರು ಸಲ ಡಯಾಲಿಸಿಸ್ ಆರಂಭವಾದ ವರ್ಷ ಬಂಧುಗಳಲ್ಲಿ ಹೆಚ್ಚಿನವರು "ಈ ಸಲ ಏನೂ ಬೇಡ, ದೇವರ ಮುಂದೆ ಒಂದು ದೀಪ ಹಚ್ಚಿ ಸುಮ್ಮನಿದ್ದುಬಿಡಿ" ಎಂದರು. ಅವರ ಮಾತಿನಲ್ಲಿ ಪ್ರೀತಿಯಿತ್ತು, ನಿಜ. ಆದರೆ ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿಸದೆ ಬೊಂಬೆ ಕೂರಿಸಿದವಳಿಗೆ ಅದನ್ನು ನಿಲ್ಲಿಸು ಎನ್ನುವುದು ವಿಶ್ರಾಂತಿ ಕೊಟ್ಟಂತಲ್ಲ, ಮನೆಯೊಳಗಿನ ಅಧಿಕಾರವನ್ನೇ ಕಸಿದುಕೊಂಡಂತೆ ಎಂದು ನನಗೆ ಅನ್ನಿಸಿತು. ಅವಳು ಹೇಳುವುದು, ನಾನು ಮಾಡುವುದು ಎಂಬ ಕರಾರಿನ ಮೇಲೆ ಹಬ್ಬ ನಡೆಸಲು ನಿಶ್ಚಯಿಸಿದೆವು. ಬ್ಯಾಂಕಿನಿಂದ ನಿವೃತ್ತನಾದ ನನಗೆ ಅಲ್ಲಿಯವರೆಗೆ ಹಬ್ಬದ ಕೆಲಸವೆಂದರೆ ಅಟ್ಟದಿಂದ ಪೆಟ್ಟಿಗೆ ಇಳಿಸುವುದು ಮತ್ತು ಮಾವಿನ ಸೊಪ್ಪು ತರುವುದು, ಅಷ್ಟೆ.

ಮೊದಲು ಮಾಡಿದ ಕೆಲಸ ಒಂಟಿಕೊಪ್ಪಲ್ ಪಂಚಾಂಗದ ತಿಥಿಗಳ ಎದುರಿಗೆ ಡಯಾಲಿಸಿಸ್ ದಿನಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕಿದ್ದು. ಅವಳ ಸರದಿ ಸೋಮವಾರ, ಬುಧವಾರ, ಶುಕ್ರವಾರ. ಒಂದು ಸಲಕ್ಕೆ ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗಬೇಕು; ಹೋಗಿ ಬರುವುದೂ ಸೇರಿದರೆ ಅರ್ಧ ದಿನ ಅದಕ್ಕೇ ಹೋಗುತ್ತದೆ. ಬಂದ ಮೇಲೆ ಬಿ.ಪಿ. ಇಳಿದು ತಲೆ ಹಗುರಾಗುವುದು, ಕಾಲಿನ ಮೀನಖಂಡ ಹಿಡಿದುಕೊಳ್ಳುವುದು ಸಾಮಾನ್ಯವಾದ್ದರಿಂದ ಆ ಸಂಜೆ ಯಾರನ್ನೂ ಆರತಿಗೆ ಕರೆಯುವಂತಿಲ್ಲ. ಮರುದಿನ ಅವಳು ಲವಲವಿಕೆಯಿಂದ ಇರುತ್ತಾಳೆ. ಹಾಗಾಗಿ ನೆರೆಹೊರೆಯವರಿಗೆ ಫೋನ್ ಮಾಡಿ, ಬೊಂಬೆ ನೋಡಲು ಮಂಗಳವಾರ, ಗುರುವಾರ, ಶನಿವಾರಗಳಂದು ಸಂಜೆ ಆರರಿಂದ ಏಳೂವರೆಯೊಳಗೆ ಬರಬೇಕೆಂದೂ, ನೆಗಡಿ ಕೆಮ್ಮು ಇದ್ದವರು ಇನ್ನೊಮ್ಮೆ ಬರಬೇಕೆಂದೂ ಕೇಳಿಕೊಂಡೆ. ಹೀಗೆ ಹೊತ್ತು ಗೊತ್ತುಮಾಡಿ ಅರಿಸಿನ ಕುಂಕುಮಕ್ಕೆ ಕರೆಯುವುದು ಹಿಂದಿನ ಕಾಲದವರಿಗೆ ಒರಟಾಗಿ ಕಾಣಬಹುದು; ಬಂದವರು ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಶುಕ್ರವಾರದಿಂದ ಸೋಮವಾರದವರೆಗಿನ ಅಂತರ ಎಲ್ಲಕ್ಕಿಂತ ಉದ್ದವಾದದ್ದು, ದೇಹದಲ್ಲಿ ನೀರೂ ಪೊಟ್ಯಾಸಿಯಮ್ಮೂ ಹೆಚ್ಚು ಸೇರಿಕೊಳ್ಳುವ ಅವಧಿಯೂ ಅದೇ. ಭಾನುವಾರಕ್ಕೆ ಬಿದ್ದ ಹಬ್ಬದೂಟದ ಮೇಲೆ ನಾನು ಬೇರೆಲ್ಲ ದಿನಗಳಿಗಿಂತ ಹೆಚ್ಚು ಕಣ್ಣಿಟ್ಟದ್ದು ಆ ಕಾರಣಕ್ಕೆ.

ಒಂಬತ್ತು ಮೆಟ್ಟಿಲುಗಳ ಜಾಗದಲ್ಲಿ ಮೂರು ಮೆಟ್ಟಿಲು ಹಾಕಿದೆವು. ಮೆಟ್ಟಿಲು ಬೆಸ ಸಂಖ್ಯೆಯಲ್ಲಿದ್ದರೆ ಸಾಕು, ಶಾಸ್ತ್ರಕ್ಕೆ ಕೊರತೆಯಿಲ್ಲ. ಯಾವ ಬೊಂಬೆ ಇರಬೇಕು, ಯಾವುದು ಪೆಟ್ಟಿಗೆಯಲ್ಲೇ ಉಳಿಯಬೇಕು ಎಂಬುದನ್ನು ಅವಳು ಕುರ್ಚಿಯಲ್ಲಿ ಕುಳಿತು ತೀರ್ಮಾನಿಸಿದಳು: ಕಲಶ, ತವರಿನಿಂದ ಬಂದ ಪಟ್ಟದ ಬೊಂಬೆಗಳ ಜೋಡಿ, ಅಕ್ಕಿ ಬೇಳೆಗಳನ್ನು ಮುಂದೆ ಹರವಿಕೊಂಡ ಶೆಟ್ಟಿ ದಂಪತಿ, ಚನ್ನಪಟ್ಟಣದ ಒಂದಿಷ್ಟು ಆಟಿಕೆ. ಜಂಬೂಸವಾರಿಯ ದೊಡ್ಡ ಸೆಟ್ಟು ಬೇಡವೆಂದಳು; ಆನೆ, ಕುದುರೆ, ಸಿಪಾಯಿಗಳನ್ನು ಒಂದೊಂದಾಗಿ ಒರೆಸಿ ಸಾಲಾಗಿ ನಿಲ್ಲಿಸುವ ತಾಳ್ಮೆ ನನಗಿಲ್ಲವೆಂಬುದು ಅವಳಿಗೆ ಗೊತ್ತು. ಆದರೆ ಪಟ್ಟದ ರಾಣಿಗೆ ಸೀರೆ ಉಡಿಸುವ ಕೆಲಸವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಹಳೆಯ ಜರಿ ಸೀರೆಯ ಸೆರಗಿನಿಂದ ಕತ್ತರಿಸಿಟ್ಟ ಗೇಣುದ್ದದ ತುಂಡನ್ನು ತೊಡೆಯ ಮೇಲೆ ಹಾಸಿಕೊಂಡು, ಬೆರಳಿನ ಉಗುರಿನಿಂದ ಒಂದೊಂದೇ ನೆರಿಗೆಯನ್ನು ಒತ್ತಿ, ಅವು ಬಿಚ್ಚದಂತೆ ಸೊಂಟದ ಬಳಿ ದಾರ ಸುತ್ತಿ, ಅದರ ಮೇಲೆ ಜರಿಯ ಡಾಬು ಕಟ್ಟಿ, ನೆರಿಗೆ ಸೊಟ್ಟಗಾಯಿತೆಂದು ಮತ್ತೆ ಬಿಚ್ಚಿ, ಹೀಗೆ ಒಂದು ಇಡೀ ಮಧ್ಯಾಹ್ನವನ್ನು ಅದರಲ್ಲಿ ಕಳೆದಳು. ಆಸ್ಪತ್ರೆಯ ವಿಷಯ ಅಷ್ಟು ಹೊತ್ತೂ ಅವಳ ಬಾಯಿಂದ ಬರಲಿಲ್ಲ.

ಬಳೆಯ ವಿಷಯ ಸ್ವಲ್ಪ ಸೂಕ್ಷ್ಮದ್ದು. ಡಯಾಲಿಸಿಸ್‌ಗಾಗಿ ಅವಳ ಎಡಗೈಯಲ್ಲಿ ಅಪಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸಿ ಫಿಸ್ಟುಲಾ ಮಾಡಿದ್ದಾರೆ. ಅದರ ಮೇಲೆ ಬೆರಳಿಟ್ಟರೆ ಗುಂಯ್ ಎನ್ನುವ ಕಂಪನ ತಿಳಿಯಬೇಕು. ಅದು ನಿಂತರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಆ ಕೈಯಲ್ಲಿ ಬಿ.ಪಿ. ನೋಡುವಂತಿಲ್ಲ, ರಕ್ತ ತೆಗೆಯುವಂತಿಲ್ಲ, ಭಾರ ಎತ್ತುವಂತಿಲ್ಲ, ಬಿಗಿಯಾದ ಬಳೆ, ಗಡಿಯಾರ, ಕಂಕಣದ ದಾರ ಯಾವುದೂ ಕೂಡದು. ನವರಾತ್ರಿಯಲ್ಲಿ ಮುತ್ತೈದೆಯ ಒಂದು ಕೈ ಬರಿದಾಗಿರುವುದು ಮನೆಯ ಹಿರಿಯರಿಗೆ ಒಪ್ಪಿಗೆಯಾಗಲಿಲ್ಲ. ಅವಳು ವಾದಕ್ಕೆ ಇಳಿಯದೆ ಬಲಗೈಗೆ ಹಸಿರು ಬಳೆ ತೊಟ್ಟು, ಎಡಗೈಯ ಪಾಲಿನ ಬಳೆಗಳನ್ನು ಪಟ್ಟದ ರಾಣಿಯ ಮುಂದೆ ತಟ್ಟೆಯಲ್ಲಿಟ್ಟು, "ಈ ಕೈದು ಅವಳು ಹಾಕ್ಕೊಳ್ಳಲಿ ಬಿಡಿ" ಎಂದಳು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಒಪ್ಪೊತ್ತಿನ ವಿಷಯವೂ ಹೀಗೆಯೇ. ನವರಾತ್ರಿಯಲ್ಲಿ ಒಂದು ಹೊತ್ತು ಊಟ ಮಾಡುವುದು ಅವಳ ಪದ್ಧತಿ. ಡಯಾಲಿಸಿಸ್‌ನಲ್ಲಿ ದೇಹದ ಪ್ರೋಟೀನ್ ಸ್ವಲ್ಪಮಟ್ಟಿಗೆ ಹೋಗುವುದರಿಂದ ಊಟ ಬಿಡುವುದು ಸರಿಯಲ್ಲವೆಂದು ವೈದ್ಯರು ಹೇಳಿದಾಗ ಅವಳು ಒಪ್ಪೊತ್ತಿನ ಬದಲು ಕಾಫಿಯನ್ನು ಬಿಟ್ಟಳು. ಮೈಸೂರಿನವರಿಗೆ ಇದಕ್ಕಿಂತ ಕಠಿಣವಾದ ವ್ರತ ಯಾವುದಿದೆಯೋ ನಾನು ಕಾಣೆ. ದಿನಕ್ಕೆ ಇಷ್ಟೇ ಕುಡಿಯಬೇಕೆಂದು ಅವಳಿಗೆ ಗೊತ್ತುಮಾಡಿದ ದ್ರವದ ಅಳತೆಯಲ್ಲಿ ಎರಡು ಲೋಟ ಉಳಿದದ್ದು ಅದರ ಲಾಭ.

ಇನ್ನು ಅಡಿಗೆ. ನಾನು ಹೆಚ್ಚು ಕಲಿತದ್ದು ಇಲ್ಲಿ, ಹಬ್ಬ ಮಾಡಬೇಕೆನ್ನುವವರು ಹೆಚ್ಚು ಯೋಚಿಸಬೇಕಾದದ್ದೂ ಇಲ್ಲಿಯೇ. ಮೂತ್ರಪಿಂಡ ಕೆಲಸ ಮಾಡದಿದ್ದಾಗ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಹುದು. ನಮ್ಮ ಹಬ್ಬದ ಅಡಿಗೆಯಲ್ಲಿ ಶ್ರೇಷ್ಠವೆನಿಸಿಕೊಂಡ ಬೇಳೆಕಾಳು, ಬೆಲ್ಲ, ತೆಂಗಿನಕಾಯಿ, ಬಾಳೆಹಣ್ಣು, ಎಳನೀರು ಎಲ್ಲವೂ ಪೊಟ್ಯಾಸಿಯಂ ತುಂಬಿದವು. ಹಬ್ಬಕ್ಕೆ ಮುಂಚೆಯೇ ಅಡಿಗೆಗಳ ಪಟ್ಟಿ ಬರೆದುಕೊಂಡು ಡಯಟಿಷಿಯನ್ ಬಳಿಗೆ ಹೋದೆ. "ಹಬ್ಬದಲ್ಲಿ ಏನು ತಿನ್ನಬಹುದು?" ಎಂದು ಕೇಳಿದರೆ ಬರುವ ಉತ್ತರ "ಎಲ್ಲ ಸ್ವಲ್ಪ ಸ್ವಲ್ಪ" ಎಂಬುದಷ್ಟೇ, ಪಟ್ಟಿ ಮುಂದಿಟ್ಟರೆ ಅವರು ಅವಳ ಆ ತಿಂಗಳ ರಕ್ತಪರೀಕ್ಷೆಯ ವರದಿ ನೋಡಿ ಒಂದೊಂದರ ಎದುರಿಗೂ ಅಳತೆ ಬರೆದುಕೊಡುತ್ತಾರೆ. ಇನ್ನೊಬ್ಬ ರೋಗಿಗೆ ಆ ಅಳತೆ ಹೊಂದಲಾರದು. ಆದ್ದರಿಂದ ಅದನ್ನು ಇಲ್ಲಿ ಬರೆಯದೆ ವಿಧಾನವನ್ನಷ್ಟೇ ಹೇಳುತ್ತೇನೆ.

ಉಸಲಿಯ ಕಾಳನ್ನು ರಾತ್ರಿಯೆಲ್ಲ ನೆನೆಸಿ ಆ ನೀರನ್ನು ಚೆಲ್ಲಿ, ಹೊಸದಾಗಿ ಬಹಳಷ್ಟು ನೀರು ಹಾಕಿ ಬೇಯಿಸಿ, ಬೆಂದ ನೀರನ್ನೂ ಬಸಿದುಬಿಟ್ಟರೆ ಪೊಟ್ಯಾಸಿಯಂನ ಸ್ವಲ್ಪ ಭಾಗ ನೀರಿನೊಂದಿಗೆ ಹೋಗುತ್ತದೆ. ಒಗ್ಗರಣೆಗೆ ಇಂಗು, ಸಾಸಿವೆ, ಹಸಿಮೆಣಸಿನಕಾಯಿ. ಅವಳ ಪಾಲಿಗೆ ಕಾಯಿತುರಿ ಇಲ್ಲ. ಕೋಸಂಬರಿಯಲ್ಲಿ ಹೆಸರುಬೇಳೆ ನಾಮಮಾತ್ರಕ್ಕೆ ಹಾಕಿ ಸೌತೆಕಾಯಿಯನ್ನು ಮುಂದೆ ಮಾಡಿದೆ, ಆ ಸೌತೆಕಾಯಿಯೂ ಅಳತೆಯಲ್ಲೇ. ಹೋಳಿಗೆಯಲ್ಲಿ ಒಂದು ಸ್ವಾರಸ್ಯವಿದೆ: ಕಡಲೆಬೇಳೆ ಬೇಯಿಸಿ ಕಟ್ಟನ್ನು ಬಸಿದ ಮೇಲೆ ಉಳಿಯುವ ಬೇಳೆಯಲ್ಲಿ ಪೊಟ್ಯಾಸಿಯಂ ಕಡಿಮೆಯಾಗಿರುತ್ತದೆ, ಹಾಗೆ ಕಡಿಮೆಯಾದದ್ದೆಲ್ಲ ಕಟ್ಟಿನಲ್ಲಿ ಸೇರಿರುತ್ತದೆ, ಆ ಕಟ್ಟಿನಿಂದಲೇ ನಾವು ಒಬ್ಬಟ್ಟಿನ ಸಾರು ಮಾಡುವುದು. ಅವಳಿಗೆ ಸಕ್ಕರೆ ಕಾಯಿಲೆ ಇಲ್ಲದ್ದರಿಂದ ಬೆಲ್ಲದ ಬದಲು ಸಕ್ಕರೆ ಹಾಕಿ ಹೂರಣ ರುಬ್ಬಿದರೆ ಒಂದು ಸಣ್ಣ ಹೋಳಿಗೆಗೆ ಅನುಮತಿ ಸಿಕ್ಕಿತು, ಸಾರಿಗೆ ಸಿಗಲಿಲ್ಲ. ಹೋಳಿಗೆಗಿಂತ ಒಬ್ಬಟ್ಟಿನ ಸಾರನ್ನೇ ಹೆಚ್ಚು ಇಷ್ಟಪಡುವವಳು ಅವಳು, ಏನು ಮಾಡುವುದು! ಊಟದಲ್ಲಿನ ಫಾಸ್ಫರಸ್ ರಕ್ತಕ್ಕೆ ಸೇರದಂತೆ ತಡೆಯಲು ಊಟದ ನಡುವೆ ನುಂಗಬೇಕಾದ ಮಾತ್ರೆಯನ್ನು ಪೂಜೆಯ ಗಡಿಬಿಡಿಯಲ್ಲಿ ಮರೆಯದಿರಲೆಂದು ಎಲೆಯ ತುದಿಯಲ್ಲಿ, ಉಪ್ಪು ಬಡಿಸುವ ಜಾಗದಲ್ಲಿ ಇಡುತ್ತಿದ್ದೆ. ಉಪ್ಪಿನ ಜಾಗ ಹೇಗೂ ಖಾಲಿಯಿತ್ತು.

ಬಂದವರು ಪ್ರೀತಿಯಿಂದ ತರುವ ವಸ್ತುಗಳ ಬಗ್ಗೆ ಎಚ್ಚರ ಬೇಕು. ಎಳನೀರು ಕಿಡ್ನಿಗೆ ಒಳ್ಳೆಯದು, ಬಾಳೆದಿಂಡಿನ ರಸ ಕುಡಿಸಿ ಎನ್ನುವವರು ಕಲ್ಲಿನ ತೊಂದರೆಯನ್ನೂ ಮೂತ್ರಪಿಂಡದ ವೈಫಲ್ಯವನ್ನೂ ಒಂದೇ ಎಂದು ತಿಳಿದಿರುತ್ತಾರೆ. ಒಬ್ಬರು ಕಡಿಮೆ ಸೋಡಿಯಂನ ಉಪ್ಪಿನ ಪೊಟ್ಟಣ ತಂದುಕೊಟ್ಟರು. ಅಂಥ ಉಪ್ಪಿನಲ್ಲಿ ಸೋಡಿಯಂನ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಇವಳಂಥವರಿಗೆ ಮಾಮೂಲಿ ಉಪ್ಪಿಗಿಂತ ಅಪಾಯಕಾರಿ. ಧಾರೆಹುಳಿ (ಸ್ಟಾರ್ ಫ್ರೂಟ್) ಹಣ್ಣನ್ನಂತೂ ಮನೆಯೊಳಗೇ ತರಬಾರದು, ಅದರಲ್ಲಿರುವ ವಿಷಾಂಶ ಕಿಡ್ನಿ ಕೆಟ್ಟವರ ಮಿದುಳಿಗೆ ನೇರವಾಗಿ ತಟ್ಟುತ್ತದೆ. ಇದನ್ನೆಲ್ಲ ಬಂದವರಿಗೆ ವಿವರಿಸುತ್ತ ಕೂತರೆ ಆರತಿಯ ಸಂಜೆ ವೈದ್ಯಕೀಯ ಉಪನ್ಯಾಸವಾಗಿಬಿಡುತ್ತದೆ. ತಂದದ್ದನ್ನು ತೆಗೆದುಕೊಂಡು, ನಮಸ್ಕಾರ ಹೇಳಿ, ಒಳಗೆ ಬೇರೆ ಕಡೆ ಎತ್ತಿಡುವುದೇ ಲೇಸು.

ಆ ವರ್ಷ ಮಹಾನವಮಿ ಡಯಾಲಿಸಿಸ್ ದಿನವೇ ಬಿತ್ತು. ವಾರ್ಡಿನಲ್ಲಿ ಎರಡು ಪಾಳಿಗಳ ನಡುವೆ ಟೆಕ್ನಿಷಿಯನ್ ಹುಡುಗ ಪ್ರತಿ ಯಂತ್ರದ ಬದಿಗೆ ಅರಿಸಿನ ಕುಂಕುಮ ಹಚ್ಚಿ, ಪರದೆಗೂ ನಳಿಕೆಗಳಿಗೂ ತಾಗದಂತೆ ಮೇಲ್ಗಡೆ ಒಂದೊಂದು ಚೆಂಡುಹೂವನ್ನು ಪ್ಲಾಸ್ಟರ್ ಪಟ್ಟಿಯಿಂದ ಅಂಟಿಸುತ್ತಿದ್ದ. ಇವಳು ಮಂಚಕ್ಕೆ ಏರುವ ಮೊದಲು ತನ್ನ ಯಂತ್ರಕ್ಕೆ ತಾನೇ ಹೂವಿಡುವುದಾಗಿ ಕೇಳಿದಳು. "ಅಮ್ಮಾ, ಮೊದಲು ಹೂವಿಡಿ, ಆಮೇಲೆ ಕೈ ತೊಳ್ಕೊಂಡ್ಬಿಡಿ, ಸೂಜಿ ಹಾಕ್ಬೇಕು" ಎಂದು ಅವನು ಬುಟ್ಟಿಯನ್ನು ಮುಂದೆ ಹಿಡಿದ. ಪಕ್ಕದ ಮಂಚದ ಯಜಮಾನರು ಆಟೋ ಓಡಿಸುತ್ತಿದ್ದವರು. ಆ ಸಲ ಆಟೋವನ್ನು ಮಗ ಪೂಜೆ ಮಾಡಿದನಂತೆ, ಅವರ ಪಾಲಿನ ಪೂಜೆ ಇಲ್ಲಿ ಆಯಿತು ಎಂದರು.

ಸರದಿಯ ದಿನವೇ ಜಂಬೂಸವಾರಿ ಬೀಳುವ ವರ್ಷಗಳಿಗೆ ಒಂದು ಮಾತು. ಅರಮನೆಯಿಂದ ಸಯ್ಯಾಜಿರಾವ್ ರಸ್ತೆಯ ಮೂಲಕ ಬನ್ನಿಮಂಟಪದವರೆಗಿನ ದಾರಿಗಳು ಆ ದಿನ ಮುಚ್ಚಿರುತ್ತವೆ, ಸುತ್ತಲಿನ ರಸ್ತೆಗಳಲ್ಲಿ ಕಾರು ಅಲ್ಲಾಡುವುದಿಲ್ಲ. ಒಂದು ವಾರ ಮುಂಚೆಯೇ ಹೇಳಿ ಬೆಳಗಿನ ಮೊದಲ ಪಾಳಿಗೆ ಬದಲಿಸಿಕೊಳ್ಳಬೇಕು. ಹಬ್ಬಕ್ಕಾಗಿ ಡಯಾಲಿಸಿಸ್ ತಪ್ಪಿಸುವ ಯೋಚನೆಯನ್ನು ಮಾತ್ರ ಮಾಡಲೇಬಾರದು. ಮೊದಲ ಪಾಳಿ ಮುಗಿಸಿ ಬಂದರೆ ಮಧ್ಯಾಹ್ನ ಮಲಗಿಕೊಂಡೇ ಟಿವಿಯಲ್ಲಿ ಅಂಬಾರಿ ನೋಡಬಹುದು.

ದೀಪಾವಳಿಯಲ್ಲಿ ನನ್ನ ಚಿಂತೆಯಿದ್ದದ್ದು ನೀರಿನ ಬಗ್ಗೆ. ಮೂತ್ರ ಎಷ್ಟು ಹೋಗುತ್ತದೋ ಅದರ ಮೇಲೆ ಅರ್ಧ ಲೀಟರು, ಇದು ಅವಳಿಗೆ ಹೇಳಿದ ಲೆಕ್ಕ. ಸಾರು, ಮಜ್ಜಿಗೆ, ಪಾಯಸ, ಮಂಜುಗಡ್ಡೆ ಎಲ್ಲವೂ ಅದರೊಳಗೇ. ಅಂಥವಳು ನೀರು ತುಂಬುವ ಹಬ್ಬದ ಸಂಜೆ ಹಂಡೆ ಬೆಳಗಿಸಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಸಿ, ಕಂಠದವರೆಗೆ ನೀರು ತುಂಬಿಸಿ ಪೂಜೆ ಮಾಡುವುದನ್ನು ನೋಡಲು ನನಗೆ ಕಷ್ಟವಾಯಿತು. ಅವಳಿಗೇನೂ ಆದಂತೆ ಕಾಣಲಿಲ್ಲ. ಬಾಯಾರಿಕೆಯನ್ನು ನೀರಿನ ಲೆಕ್ಕದಿಂದ ಗೆಲ್ಲಲಾಗದು, ಉಪ್ಪಿನ ಲೆಕ್ಕದಿಂದ ಗೆಲ್ಲಬೇಕು ಎಂಬುದನ್ನು ಅವಳು ಅಷ್ಟರಲ್ಲಿ ಕಂಡುಕೊಂಡಿದ್ದಳು. ಚಕ್ಕುಲಿ ಕೋಡುಬಳೆಗಳನ್ನು ಮೊಮ್ಮಕ್ಕಳಿಗೆ ಕರಿಸಿ ತಾನು ಉಪ್ಪಿಲ್ಲದ ಅರಳು ತಿನ್ನುತ್ತಿದ್ದಳು. ಚತುರ್ದಶಿಯ ಎಣ್ಣೆ ಸ್ನಾನದಲ್ಲಿ ಎಡಗೈಗೆ ಎಣ್ಣೆ ತಿಕ್ಕದೆ, ನೀರನ್ನು ಉಗುರು ಬೆಚ್ಚಗೆ ಇಟ್ಟು, ಮಗಳನ್ನು ಬಚ್ಚಲ ಬಾಗಿಲಲ್ಲಿ ನಿಲ್ಲಿಸಿಕೊಂಡೆವು. ಬಿ.ಪಿ. ಇಳಿಯುವವರಿಗೆ ಸುಡುನೀರಿನ ಅಭ್ಯಂಜನ ಆಗಿಬರುವುದಿಲ್ಲ.

ತುಳಸಿ ಹಬ್ಬಕ್ಕೆ ಕಾಯಿ ಸಮೇತ ನೆಲ್ಲಿಯ ಕೊಂಬೆ ತಂದು ಬೃಂದಾವನಕ್ಕೆ ಸಿಕ್ಕಿಸಿದ್ದೆ. ಮರುದಿನ ಅದರಿಂದ ಒಂದು ಕಾಯಿ ಕಿತ್ತು ಹೋಳು ಮಾಡಿಕೊಡಲು ಹೇಳಿದಳು. ಡಯಟಿಷಿಯನ್‌ಗೆ ಫೋನ್ ಮಾಡಿ ಕೇಳಿದೆ. ಒಂದೆರಡು ಹೋಳು ಪರವಾಗಿಲ್ಲ, ಉಪ್ಪು ಸೋಕಿಸಬೇಡಿ ಎಂದರು. ನೆಲ್ಲಿ ಅಗಿದ ಬಾಯಿಗೆ ನೀರು ಸಿಹಿಯಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿಯೇ, ಆದರೆ ಎರಡೇ ಗುಟುಕಿನಲ್ಲಿ ಹೊತ್ತು ಕಳೆಯಬೇಕಾದವರಿಗೆ ಅದರ ಬೆಲೆ ಬೇರೆ. ನೆಲ್ಲಿ ಸಿಗುವ ತಿಂಗಳುಗಳಲ್ಲಿ ದೇವರಾಜ ಮಾರುಕಟ್ಟೆಯಿಂದ ಕಾಲು ಕಿಲೋ ತಂದಿಡುವುದು ಆಗಿನಿಂದ ನನ್ನ ವಾರದ ಕೆಲಸಗಳಲ್ಲಿ ಒಂದಾಗಿದೆ.