ಬಿಳಿಯೆಲ್ಲ ಒಣ ಉಪ್ಪಲ್ಲ: ಉಪಗ್ರಹ ಚಿತ್ರದಲ್ಲಿ ಏರ್ ಸರೋವರವನ್ನು ಓದುವ ಬಗೆ

ದಕ್ಷಿಣ ಆಸ್ಟ್ರೇಲಿಯಾದ ಕಾಟಿ ತಂಡಾ–ಏರ್ ಸರೋವರದ ತಳ ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿದೆ. ಸುಮಾರು 12 ಲಕ್ಷ ಚದರ ಕಿ.ಮೀ. ಜಲಾನಯನದ ನೀರಿಗೆ ಇದೇ ಕೊನೆಯ ತಾಣ. ಮುಂದೆ ಹರಿಯಲು ದಾರಿಯಿಲ್ಲ, ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ಅದು ತುಂಬುತ್ತಿದೆಯೋ ಒಣಗುತ್ತಿದೆಯೋ ಎಂದು ಮನೆಯಲ್ಲೇ ಕೂತು, ಕಾಸು ಖರ್ಚಿಲ್ಲದೆ ನೋಡಬಹುದು.

ಉಪಗ್ರಹ ಚಿತ್ರಗಳನ್ನು ತೋರಿಸುವ ಕೋಪರ್ನಿಕಸ್ ಬ್ರೌಸರ್ ಜಾಲತಾಣ ತೆರೆದು ಹುಡುಕುವ ಚೌಕದಲ್ಲಿ ಅಕ್ಷಾಂಶ, ರೇಖಾಂಶವನ್ನು -28.5, 137.2 ಎಂದು ಟೈಪ್ ಮಾಡಿ. ಮೈನಸ್ ಬಿಟ್ಟುಹೋದರೆ ಜಪಾನಿನ ದಕ್ಷಿಣದ ಕಡಲು ತೆರೆದುಕೊಳ್ಳುತ್ತದೆ. ಸೆಂಟಿನೆಲ್-2 ಉಪಗ್ರಹದ ಎಲ್2ಎ (ವಾತಾವರಣದ ಪ್ರಭಾವ ಕಳೆದ) ಚಿತ್ರಗಳನ್ನು ಆರಿಸಿ. ಮೋಡದ ಮಿತಿಯನ್ನು ತೀರಾ ಇಳಿಸಬೇಡಿ: ಹೊಳೆಯುವ ಉಪ್ಪನ್ನೇ ಸಾಫ್ಟ್‌ವೇರ್ ಮೋಡ ಅಥವಾ ಹಿಮವೆಂದು ಎಣಿಸುವುದುಂಟು, ಆಗ ತಿಳಿಯಾದ ದಿನದ ಚಿತ್ರವೂ ಪಟ್ಟಿಯಿಂದ ಮಾಯವಾಗುತ್ತದೆ. ಮಿತಿ ಸಡಿಲ ಬಿಟ್ಟು ಕಣ್ಣಿನಿಂದಲೇ ಆರಿಸುವುದು ಒಳ್ಳೆಯದು.

ಸಹಜ ಬಣ್ಣದ ಚಿತ್ರದಲ್ಲಿ ಮೊದಲು ಕಾಣುವುದು ಬರೀ ಬಿಳಿ ಹಾಳೆ. ಸಾಮಾನ್ಯ ನೆಲ ಚೆನ್ನಾಗಿ ಕಾಣಲೆಂದು ಬೆಳಕನ್ನು ಹೆಚ್ಚಿಸಿರುತ್ತಾರೆ; ಮೊದಲೇ ಪ್ರಕಾಶಮಾನವಾದ ಉಪ್ಪು ಅದರಿಂದ ಅಳಿಸಿಹೋಗುತ್ತದೆ. ಚಿತ್ರದ ಬೆಳಕನ್ನು ಹೊಂದಿಸುವ ಗೇನ್ ಅನ್ನು 0.5ರ ಆಸುಪಾಸಿಗೆ ಇಳಿಸಿ. ದಕ್ಷಿಣದ ಬೆಲ್ಟ್ ಬೇ, ಮ್ಯಾಡಿಗನ್ ಗಲ್ಫ್‌ಗಳ ಗಟ್ಟಿ ಉಪ್ಪಿನ ಪದರ, ಅದರ ಮೇಲಿನ ಬೂದು ಗೆರೆಗಳು, ಕೆಲವೊಮ್ಮೆ ಗುಲಾಬಿ ಛಾಯೆ ಎಲ್ಲವೂ ಆಗ ಹೊರಬರುತ್ತವೆ. ಉಪ್ಪುನೀರಿನ ಪಾಚಿ ಮತ್ತು ಸೂಕ್ಷ್ಮಜೀವಿಗಳಿಂದ ಬರುವ ಬಣ್ಣ ಆ ಗುಲಾಬಿ.

ಆದರೂ ನೀರಿನ ಪ್ರಶ್ನೆಗೆ ಈ ಚಿತ್ರವನ್ನು ನೆಚ್ಚಬೇಡಿ. ಕೆಸರುನೀರು ಕಂದು ನೆಲದಂತೆ ಕಾಣುತ್ತದೆ, ಬಿಳಿ ತಳದ ಮೇಲಿನ ತೆಳು ನೀರು ಉಪ್ಪಿನಂತೆಯೇ ಕಾಣುತ್ತದೆ. ಬ್ಯಾಂಡ್‌ಗಳನ್ನು, ಅಂದರೆ ಉಪಗ್ರಹ ಬೇರೆ ಬೇರೆಯಾಗಿ ಅಳೆಯುವ ಬೆಳಕಿನ ಪಟ್ಟಿಗಳನ್ನು, ನಾವೇ ಬಣ್ಣಗಳಿಗೆ ಹೊಂದಿಸುವ ಕಸ್ಟಮ್ ಕಾಂಪೊಸಿಟ್‌ಗೆ ಹೋಗಿ ಕೆಂಪಿಗೆ ಬಿ12, ಹಸಿರಿಗೆ ಬಿ8ಎ, ನೀಲಿಗೆ ಬಿ04 ಹಾಕಿ. ಅಲೆಯುದ್ದ ಹೆಚ್ಚಿರುವ ಬಿ12 ಅವಕೆಂಪು ಬೆಳಕನ್ನು ನೀರು ಬಹುತೇಕ ಪೂರ್ತಿ ಹೀರಿಕೊಳ್ಳುತ್ತದೆ. ಹಾಗಾಗಿ ಆಳವಾದ ನೀರು ಕಪ್ಪು ಅಥವಾ ಗಾಢ ನೀಲಿ, ತೇವದ ಉಪ್ಪು ಹಸಿರುನೀಲಿ, ಒಣ ಉಪ್ಪು ಮಾಸಲು ಬಿಳಿ. ದಡದ ಗಿಡಗಂಟಿ ಹಸಿರಾಗಿ ಎದ್ದು ಕಾಣುತ್ತದೆ.

ನೀರಿನ ವಿಸ್ತೀರ್ಣ ಅಳೆಯುವವರು ಎಡವುವುದು ಇಲ್ಲೇ. ಹಸಿರು ಬ್ಯಾಂಡ್ ಮತ್ತು ಬಿ12ರಂತೆಯೇ ಅವಕೆಂಪಿನದಾದ ಬಿ11 ಬಳಸುವ ಜಲಸೂಚ್ಯಂಕ, ಅಂದರೆ ಅವೆರಡರ ವ್ಯತ್ಯಾಸವನ್ನು (ಹಸಿರು − ಬಿ11) ಮೊತ್ತದಿಂದ ಭಾಗಿಸಿದ ಸಂಖ್ಯೆ, ಸೊನ್ನೆಗಿಂತ ಹೆಚ್ಚಿದ್ದರೆ ನೀರು ಎಂಬುದು ಪಠ್ಯಪುಸ್ತಕದ ನಿಯಮ. ಉಪ್ಪಿನ ಹಸಿರು ಪ್ರತಿಫಲನ 0.6, ಬಿ11 0.3 ಇದ್ದರೆ ಉತ್ತರ 0.33, ನೀರಿಲ್ಲದ ಪದರವೂ ಸರೋವರವಾಗಿಬಿಡುತ್ತದೆ! ಸೂಚ್ಯಂಕದ ಜೊತೆಗೆ ಬಿ11 0.05ಕ್ಕಿಂತ ಕಡಿಮೆ ಇರಬೇಕೆಂಬ ಷರತ್ತನ್ನೂ ಹಾಕಿ, ಚಿತ್ರ ನೋಡಿ ಅದನ್ನು ತುಸು ಹೊಂದಿಸಿಕೊಳ್ಳಿ. ಬಿ11ರ ಪಿಕ್ಸೆಲ್ 20 ಮೀಟರಿನದು, 2,500 ಪಿಕ್ಸೆಲ್ ಸೇರಿದರೆ ಒಂದು ಚದರ ಕಿ.ಮೀ.

ಮಳೆ ಬಿದ್ದ ಮರುದಿನವೇ ಸರೋವರದಲ್ಲಿ ನೀರು ಹುಡುಕಬೇಡಿ. 2025ರ ಮಾರ್ಚ್ ಕೊನೆಯಲ್ಲಿ ಪಶ್ಚಿಮ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಸುರಿದ ಮಳೆಯ ನೀರು ಇಲ್ಲಿಗೆ ತಲುಪಲು ವಾರಗಳೇ ಬೇಕಾದವು. ಆ ನೀರನ್ನು ಹೊತ್ತು ತರುವ ಡಯಮಂಟಿನಾ, ವಾರ್ಬರ್ಟನ್ ನದಿಗಳ ಜಾಡನ್ನು ಮೇಲಿನಿಂದ ಹಿಡಿದು ಬನ್ನಿ. ಇನ್ನು, ಬೀಸುಗಾಳಿ ತೆಳು ನೀರನ್ನು ಒಂದು ದಡದಿಂದ ಇನ್ನೊಂದೆಡೆಗೆ ತಳ್ಳುತ್ತದೆ. ದಡ ಸರಿದದ್ದು ಕಂಡ ಮಾತ್ರಕ್ಕೆ ನೀರು ಏರಿತು, ಇಳಿಯಿತು ಎನ್ನುವ ಮುನ್ನ ಎದುರು ದಡವನ್ನೂ ನೋಡಿ.